ತೆರೆಯದ ವಿಡಿಯೊ: ಡಬ್ಬಿ, ಕೊಡೆಕ್ ಮತ್ತು ಕಳೆದುಹೋದ ಸೂಚಿ

ವಿಡಿಯೊ ಫೈಲು ಓಡದಿದ್ದಾಗ ನಮ್ಮಲ್ಲಿ ಹಲವರು ಮೊದಲು ಮಾಡುವುದು ಅದರ ಹೆಸರು ಬದಲಿಸುವ ಕೆಲಸ. ಕೊನೆಯಲ್ಲಿರುವ ಎಂಕೆವಿ ಅಳಿಸಿ ಎಂಪಿ4 ಎಂದು ಬರೆದರೆ ಸರಿಹೋದೀತು ಎಂಬ ಆಸೆ. ಸರಿಹೋಗುವುದಿಲ್ಲ. ಏಕೆ ಎಂಬುದು ತಿಳಿದರೆ ಅರ್ಧ ಪಾಠ ಮುಗಿದಂತೆ.

ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಿಗಳು. ಹೆಸರು ಬದಲಿಸಿದರೆ ಡಬ್ಬಿಯ ಮೇಲಿನ ಚೀಟಿ ಬದಲಾದೀತು, ಡಬ್ಬಿಯಲ್ಲ. ಒಳಗೆ ಚಿತ್ರ ಬೇರೆ, ಧ್ವನಿ ಬೇರೆ, ಕೆಲವೊಮ್ಮೆ ಅಡಿಬರಹವೂ ಇರುತ್ತದೆ. ಚಿತ್ರವನ್ನೋ ಧ್ವನಿಯನ್ನೋ ಹಿಂಡಿ ಚಿಕ್ಕದು ಮಾಡುವ, ಓಡಿಸುವಾಗ ಮತ್ತೆ ಬಿಡಿಸುವ ವಿಧಾನವೇ ಕೊಡೆಕ್. ಒಂದೇ ಎಂಪಿ4 ಡಬ್ಬಿಯೊಳಗೆ 2003ರ ಎಚ್.264 ಇರಬಹುದು, 2013ರ ಎಚ್.265 ಇರಬಹುದು, 2018ರ ಎವಿ1 ಕೂಡ ಇರಬಹುದು. ಆದ್ದರಿಂದ 'ನನ್ನ ಕಂಪ್ಯೂಟರಿನಲ್ಲಿ ಎಂಪಿ4 ಓಡುತ್ತದೆ' ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಲಕ್ಷಣ ನೋಡಿಯೇ ಸುಮಾರಾಗಿ ಊಹಿಸಬಹುದು. ಧ್ವನಿ ಬಂದು ಚಿತ್ರ ಕಪ್ಪಾಗಿದ್ದರೆ ಚಿತ್ರದ ಕೊಡೆಕ್ ಇಲ್ಲ. ಚಿತ್ರ ಓಡಿ ಧ್ವನಿ ಬಾರದಿದ್ದರೆ ಧ್ವನಿಯ ಕೊಡೆಕ್ ಇಲ್ಲ. ಎಸಿ3, ಡಿಟಿಎಸ್ ಎಂಬ ಕೊಡೆಕ್ಕುಗಳ ಧ್ವನಿಯಿರುವ ಫೈಲುಗಳಲ್ಲಿ ಇದು ಸಾಮಾನ್ಯ. ಎರಡೂ ಇದ್ದು ತಡವರಿಸಿದರೆ ಯಂತ್ರಕ್ಕೆ ಶಕ್ತಿ ಸಾಲುತ್ತಿಲ್ಲ. ಫೈಲು ತೆರೆಯುವುದೇ ಇಲ್ಲ ಎಂದಾದರೆ ಡಬ್ಬಿಯೇ ಮುರಿದಿರಬಹುದು, ಇಲ್ಲವೇ ನಕಲು ಅರ್ಧಕ್ಕೆ ನಿಂತಿರಬಹುದು. ಮೂಲದ ಮತ್ತು ನಕಲಿನ ಗಾತ್ರ ಬೈಟ್ ಲೆಕ್ಕದಲ್ಲಿ ಒಂದೇ ಇದೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು.

ನಮ್ಮ ಭಾವ ಮಗುವಿನ ನಾಮಕರಣವನ್ನು ಐಫೋನಿನಲ್ಲಿ ಚಿತ್ರೀಕರಿಸಿ ಕೊಟ್ಟರು. ಮನೆಯ 2014ರ ಲ್ಯಾಪ್‌ಟಾಪಿನಲ್ಲಿ ಮಂತ್ರ ಕೇಳುತ್ತಿತ್ತು, ಪರದೆ ಕಪ್ಪು. ಅದೇ ಫೈಲನ್ನು ವಿಡಿಯೊ ಓಡಿಸುವ ಉಚಿತ ತಂತ್ರಾಂಶವಾದ ವಿಎಲ್‌ಸಿಯಲ್ಲಿ ತೆರೆದು ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದೆ. ಕೊಡೆಕ್ ವಿವರದ ಕಿಟಕಿಯಲ್ಲಿ ಎಚ್‌ಇವಿಸಿ ಎಂದಿತ್ತು, ಎಚ್.265ರ ಇನ್ನೊಂದು ಹೆಸರು ಅದು. 2017ರ ಐಒಎಸ್ 11ರಿಂದ ಐಫೋನುಗಳು ಈ ವಿಧಾನವನ್ನೇ ಬಳಸತೊಡಗಿದವು, ಜಾಗ ಉಳಿಸಲು. 4ಕೆ ವಿಡಿಯೊ ಸೆಕೆಂಡಿಗೆ 30 ಚೌಕಟ್ಟಿನಂತೆ (ಫ್ರೇಮ್) ಒಂದು ನಿಮಿಷ ಓಡಿದರೆ ಎಚ್.264ರಲ್ಲಿ ಸುಮಾರು 350 ಎಂಬಿ ಆಗುತ್ತದೆ, ಎಚ್‌ಇವಿಸಿಯಲ್ಲಿ 170. ವಿಂಡೋಸಿನ ಸ್ವಂತ ಪ್ಲೇಯರಿಗೆ ಈ ಕೊಡೆಕ್ಕನ್ನು ಮೈಕ್ರೊಸಾಫ್ಟ್ ಸ್ಟೋರಿನಿಂದ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕಾಗಬಹುದು. ವಿಎಲ್‌ಸಿ ತನಗೆ ಬೇಕಾದ ಕೊಡೆಕ್ಕುಗಳನ್ನು ತಾನೇ ಹೊತ್ತು ತರುತ್ತದೆ.

ಹಾಗಾಗಿ ಅದರಲ್ಲಿ ಚಿತ್ರ ಕಂಡಿತು, ಆದರೂ ಮುಗ್ಗರಿಸುತ್ತಿತ್ತು. ಕಾರಣ ಬೇರೆ. ಎಚ್‌ಇವಿಸಿ ಬಿಡಿಸಲೆಂದೇ ಮೀಸಲಾದ ಪೂರ್ಣ ಸರ್ಕ್ಯೂಟು ಇಂಟೆಲ್ ಚಿಪ್ಪುಗಳಲ್ಲಿ ಬಂದದ್ದು 2015ರ ಆರನೆಯ ಪೀಳಿಗೆಯಿಂದ. ಅದಿಲ್ಲದ ಯಂತ್ರದಲ್ಲಿ ಪ್ರೊಸೆಸರ್ ಆ ಲೆಕ್ಕವನ್ನೆಲ್ಲ ತಾನೇ ಮಾಡಬೇಕು. 4ಕೆ ಚಿತ್ರವಾದರೆ ಏದುಸಿರು ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264, 1080 ಗಾತ್ರ ಆಯ್ದು ರಾತ್ರಿ ಹಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಸಲೀಸಾಗಿ ಓಡಿತು. ಹೀಗೆ ಕೊಡೆಕ್ ಬದಲಿಸಿದಾಗ ಗುಣಮಟ್ಟ ತುಸು ಇಳಿಯುತ್ತದೆ, ಮೂಲವನ್ನು ಅಳಿಸಬೇಡಿ. ಡಬ್ಬಿಯನ್ನಷ್ಟೇ ಬದಲಿಸುವುದು ಬೇರೆ ಕೆಲಸ: ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶ ಎಂಕೆವಿಯೊಳಗಿನದನ್ನು ಹಾಗೆಯೇ ಎತ್ತಿ ಎಂಪಿ4ಕ್ಕೆ ಇಡಬಲ್ಲದು, ಸಾಮಾನ್ಯವಾಗಿ ಕೆಲವೇ ಸೆಕೆಂಡು, ಗುಣಮಟ್ಟಕ್ಕೆ ಕಿಂಚಿತ್ತೂ ನಷ್ಟವಿಲ್ಲ. ಈ ಎರಡನ್ನು ಗೊಂದಲ ಮಾಡಿಕೊಂಡು ಗಂಟೆಗಟ್ಟಲೆ ಕಾಯುವವರನ್ನು ನೋಡಿದ್ದೇನೆ.

ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಇನ್ನೊಂದು ಫೈಲು. ಅಜ್ಜಿ ಸೋಬಾನೆ ಪದ ಹಾಡುತ್ತಿದ್ದಾಗ ಹಳೆಯ ಮೊಬೈಲಿನ ಬ್ಯಾಟರಿ ಏಕಾಏಕಿ ಕೈಕೊಟ್ಟಿತು. ನೂರಾರು ಎಂಬಿಯ ಫೈಲು ಉಳಿದಿತ್ತು, ಯಾವ ಪ್ಲೇಯರೂ ತೆರೆಯಲಿಲ್ಲ. ಎಫ್‌ಎಫ್‌ಎಂಪೆಗ್‌ಗೆ ಕೊಟ್ಟಾಗ 'ಮೂವ್ ಆಟಮ್' ಸಿಗಲಿಲ್ಲ ಎಂದಿತು. ಎಂಪಿ4 ಡಬ್ಬಿಯಲ್ಲಿ ಇದು ಪುಸ್ತಕದ ವಿಷಯಸೂಚಿ ಇದ್ದಂತೆ: ಯಾವ ಚೌಕಟ್ಟು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ, ಯಾವ ಕೊಡೆಕ್, ಎಲ್ಲ ಅದರಲ್ಲಿದೆ. ಸಾಮಾನ್ಯವಾಗಿ ಮೊಬೈಲು ಅದನ್ನು ಬರೆಯುವುದು ನಾವು ನಿಲ್ಲಿಸುವ ಗುಂಡಿ ಒತ್ತಿದ ಮೇಲೆ. ಒತ್ತುವ ಮೊದಲೇ ವಿದ್ಯುತ್ ಹೋದರೆ ಹಾಡು ಫೈಲಿನಲ್ಲಿದ್ದೂ ತಲುಪುವ ದಾರಿ ಇರುವುದಿಲ್ಲ. ಎಂಕೆವಿ ತುಂಡುತುಂಡಾಗಿ ಬರೆದುಕೊಂಡು ಹೋಗುವುದರಿಂದ ಅಲ್ಲಿಯವರೆಗಿನ ಭಾಗ ಉಳಿಯುತ್ತದೆ. ಕಂಪ್ಯೂಟರ್ ಪರದೆಯ ಪಾಠಗಳನ್ನು ಒಬಿಎಸ್ ಎಂಬ ತಂತ್ರಾಂಶದಲ್ಲಿ ದಾಖಲಿಸುವವರು ಎಂಕೆವಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಫೈಲಿನ ನಕಲು ತೆಗೆದಿಟ್ಟು, ಮೊಬೈಲಿನ ಮೆಮೊರಿ ಕಾರ್ಡಿಗೆ ಹೊಸದೇನನ್ನೂ ಬರೆಯದೆ, ಅನ್‌ಟ್ರಂಕ್ ಎಂಬ ಉಚಿತ ಸಾಧನ ಹಿಡಿದೆ. ಅದೇ ಮೊಬೈಲಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ವಿಡಿಯೊವನ್ನು ಅದಕ್ಕೆ ಮಾದರಿಯಾಗಿ ಕೊಡಬೇಕು. ಆ ಮಾದರಿ ನೋಡಿ ಅದು ಕೆಟ್ಟ ಫೈಲಿನ ಚೌಕಟ್ಟುಗಳನ್ನು ಹುಡುಕಿ ಹೊಸ ಸೂಚಿ ಕಟ್ಟುತ್ತದೆ. ಅಂಗಳದ ಕೋಳಿಯದೊಂದು ವಿಡಿಯೊ ಮೊಬೈಲಿನಲ್ಲಿತ್ತು, ಅದನ್ನೇ ಕೊಟ್ಟೆ. ಅಜ್ಜಿಯ ಧ್ವನಿ ಬಂತು, ಮುಖವೂ ಬಂತು. ಕೊನೆಯ ಎರಡು ಸಾಲು ಮಾತ್ರ ಬ್ಯಾಟರಿ ಸತ್ತ ಮೇಲಿನವು, ಫೈಲಿನಲ್ಲಿ ಇರಲೇ ಇಲ್ಲ. ಅವನ್ನು ಅಜ್ಜಿಯಿಂದ ಮತ್ತೆ ಹಾಡಿಸಿಕೊಂಡೆ, ಚಾರ್ಜರ್ ಸಿಕ್ಕಿಸಿಟ್ಟು.