ಕರ್ವ್ ಮಾಡಿದ ಮೇಲೆ ಮುಹೂರ್ತ ಬದಲಾದರೆ

ತಂಗಿಯ ಲಗ್ನಪತ್ರಿಕೆಯನ್ನು ನಾನೇ ಮಾಡಿಕೊಡುತ್ತೇನೆ ಎಂದು ಮನೆಯಲ್ಲಿ ಜಂಬದಿಂದ ಹೇಳಿಬಿಟ್ಟಿದ್ದೆ. ಮೂರು ರಾತ್ರಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದ ಮುಂದೆ ಕೂತೆ. ಅಂಚಿಗೆ ಮಾವಿನೆಲೆಯ ತೋರಣ, ಮೇಲೆ ಗಣಪತಿ, ನಡುವೆ ಹೆಸರುಗಳು. ಪ್ರೆಸ್ಸಿಗೆ ಕಳಿಸಿದ ಮಧ್ಯಾಹ್ನವೇ ಫೋನ್ ಬಂತು. "ಸಾರ್, ಮುಹೂರ್ತ ಅನ್ನೋ ಕಡೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿದೆ. ನಿಮ್ಮ ಫಾಂಟ್ ನಮ್ಮಲ್ಲಿ ಇಲ್ಲ. ಕರ್ವ್ ಮಾಡಿ ಕಳ್ಸಿ."

ಮಾಡಿದೆ, ಅಂದರೆ ಅಕ್ಷರಗಳನ್ನೆಲ್ಲ ಬರೀ ಗೆರೆಗಳಾಗಿ ಬದಲಿಸಿದೆ. ಅದೇ ಕಡತದ ಮೇಲೆ ಕಂಟ್ರೋಲ್ ಎಸ್ ಒತ್ತಿ, ಮುಚ್ಚಿ, ಕಳಿಸಿ ನಿದ್ದೆ ಹೋದೆ. ಸಂಜೆ ಅಪ್ಪ ಎಬ್ಬಿಸಿದರು. ಪುರೋಹಿತರು ಪಂಚಾಂಗವನ್ನು ಇನ್ನೊಮ್ಮೆ ನೋಡಿದ್ದಾರಂತೆ, ಮುಹೂರ್ತ 11:50ಕ್ಕಲ್ಲ, 10:40ಕ್ಕೆ. ಕಡತ ತೆರೆದು ಅಂಕಿಯ ಮೇಲೆ ಕ್ಲಿಕ್ ಮಾಡಿದರೆ ಕರ್ಸರ್ ಬರಲೊಲ್ಲದು. ಬರುವುದಾದರೂ ಹೇಗೆ? ಅಲ್ಲಿ ಅಂಕಿಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ಅವುಗಳ ಆಕಾರದ ಗೆರೆಗಳಷ್ಟೇ ಉಳಿದಿದ್ದವು. ಎರಡೂ ಕಡೆಯ ಅಜ್ಜಂದಿರಿಂದ ಹಿಡಿದು ಆಹ್ವಾನಿಸುವವರ ಪಟ್ಟಿಯವರೆಗೆ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ.

ಅವತ್ತು ನಾನು ಮಾಡಿದ್ದು ಕುಂಬಾರನ ಭಾಷೆಯಲ್ಲಿ ಹೇಳುವುದಾದರೆ ಇಷ್ಟೇ: ಹಸಿ ಮಡಕೆಯನ್ನು ಬೇಗ ಆವಿಗೆಗೆ ಇಟ್ಟುಬಿಟ್ಟೆ. ಸುಟ್ಟ ಮೇಲೆ ಕಂಠ ತಿದ್ದಲಾಗುವುದಿಲ್ಲ. ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಈಚೆಗೆ ಬಂದ ಸುಧಾರಣೆಗಳನ್ನು ನೋಡಿದರೆ ಹೆಚ್ಚಿನವುಗಳ ಗುರಿ ಒಂದೇ, ಮಣ್ಣು ಇನ್ನಷ್ಟು ಹೊತ್ತು ಹಸಿಯಾಗಿರಲಿ ಎನ್ನುವುದು.

ಮೊದಲು ಕಡತದ ಒಳಗೆ ಏನಿರುತ್ತದೆ ನೋಡೋಣ. ಫೋಟೊದಂಥ ಚಿತ್ರದಲ್ಲಿ ಇರುವುದು ಬಣ್ಣದ ಚುಕ್ಕಿಗಳ ಸಾಲು, ಅಂದರೆ ಪಿಕ್ಸೆಲ್‌ಗಳು. ಇಂಕ್‌ಸ್ಕೇಪ್, ಕೋರೆಲ್‌ಡ್ರಾ, ಇಲಸ್ಟ್ರೇಟರ್‌ಗಳ ವೆಕ್ಟರ್ ಚಿತ್ರದಲ್ಲಿ ಇರುವುದು ಚಿತ್ರವಲ್ಲ, ಚಿತ್ರ ಬಿಡಿಸುವ ವಿಧಾನ. ಇಂಥ ಕಡೆ ಕೇಂದ್ರ, ತ್ರಿಜ್ಯ ಇಷ್ಟು, ಒಳಗೆ ಕೆಂಪು ತುಂಬು ಎನ್ನುವ ಸೂಚನೆ. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ, ಈ ಸೂಚನೆಗಳು ಸಾಲುಸಾಲಾಗಿ ಓದಲು ಸಿಗುತ್ತವೆ. ಎಸ್‌ವಿಜಿ 2001ರಿಂದಲೂ ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮುಕ್ತ ಮಾನಕ.

ಚಿತ್ರದ ಬದಲು ಅದರ ವಿಧಾನವನ್ನು ಇಡುವ ಯೋಚನೆ ಹೊಸದಲ್ಲ. 1963ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇವಾನ್ ಸದರ್ಲೆಂಡ್ ತಮ್ಮ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಂ ಬರೆದರು. ಟಿಎಕ್ಸ್-2 ಎಂಬ ಭಾರಿ ಕಂಪ್ಯೂಟರಿನ ಪರದೆಯ ಮೇಲೆ ಲೈಟ್ ಪೆನ್ ಹಿಡಿದು ಗೆರೆ ಎಳೆಯಬಹುದಿತ್ತು. ಅದರಲ್ಲಿ ಒಂದು ಮೂಲ ಆಕೃತಿ ಬಿಡಿಸಿ ಅದರ ಪ್ರತಿಗಳನ್ನು ಹತ್ತಾರು ಕಡೆ ಇಡಬಹುದಿತ್ತು, ಮೂಲವನ್ನು ತಿದ್ದಿದರೆ ಎಲ್ಲ ಪ್ರತಿಗಳೂ ತಾವಾಗಿ ತಿದ್ದಿಕೊಳ್ಳುತ್ತಿದ್ದವು. ಇವತ್ತು ಇಂಕ್‌ಸ್ಕೇಪ್‌ನಲ್ಲಿ ಆಲ್ಟ್ ಡಿ ಒತ್ತಿದರೆ ಆಗುವ ಕ್ಲೋನ್ ಇದೇ. ನನ್ನ ತೋರಣದಲ್ಲಿ 48 ಎಲೆಗಳಿದ್ದವು, ನಾನು ಬಿಡಿಸಿದ್ದು ಒಂದೇ ಎಲೆ. ಅಮ್ಮ ಬಂದು "ಇದೇನು ಹಲಸಿನೆಲೆ ಇದ್ದ ಹಾಗಿದೆ" ಅಂದಾಗ ಆ ಒಂದನ್ನು ಉದ್ದ ಮಾಡಿದೆ, 48 ಎಲೆಗಳೂ ಮಾವಿನೆಲೆಯಾದವು. ಕಂಟ್ರೋಲ್ ಸಿ, ಕಂಟ್ರೋಲ್ ವಿ ಅಭ್ಯಾಸದಲ್ಲೇ ಇರುವವರು ಈ ಒಂದು ಕೀಲಿಯನ್ನು ಕಲಿತರೂ ವರ್ಷಕ್ಕೆ ಎಷ್ಟೋ ಗಂಟೆ ಉಳಿಯುತ್ತದೆ.

ಇನ್ನು ಬಾಗು. ನೇರ ಗೆರೆಗೆ ಎರಡು ತುದಿ ಗೊತ್ತಿದ್ದರೆ ಸಾಕು, ಬಾಗಿದ ಗೆರೆಯನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ? ಉತ್ತರ ಬಂದದ್ದು ಕಾರಿನ ಕಾರ್ಖಾನೆಯಿಂದ. 1959ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ತೆಲ್ಜೊ ಎಂಬ ಗಣಿತಜ್ಞ ಒಂದು ಉಪಾಯ ಕಂಡುಹಿಡಿದರು, ಕಂಪನಿ ಅದನ್ನು ಗುಟ್ಟಾಗಿಟ್ಟಿತು. ಕೆಲವೇ ವರ್ಷಗಳಲ್ಲಿ ರೆನೊ ಕಂಪನಿಯ ಪಿಯೆರ್ ಬೆಜಿಯೇ ಬೇರೆ ದಾರಿಯಿಂದ ಅಲ್ಲಿಗೇ ತಲುಪಿ, ಪ್ರಕಟಿಸಿದರು. ಹೆಸರು ಬೆಜಿಯೇಗೆ ಹೋಯಿತು. ಬಾಯಿ ಬಿಟ್ಟವನದ್ದೇ ಊರು!

ಆ ಉಪಾಯವನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲೇ ಮಾಡಿ ನೋಡಬಹುದು. ರಂಗೋಲಿಗೆ ಇಡುವ ಹಾಗೆ ನಾಲ್ಕು ಚುಕ್ಕಿ ಇಡಿ: ಎಡ ಕೆಳಗೆ ಒಂದು, ಎಡ ಮೇಲೆ ಎರಡನೆಯದು, ಬಲ ಮೇಲೆ ಮೂರನೆಯದು, ಬಲ ಕೆಳಗೆ ನಾಲ್ಕನೆಯದು. ಇದೇ ಕ್ರಮದಲ್ಲಿ ಗೆರೆ ಕೂಡಿಸಿದರೆ ಕೆಳಗೆ ಬಾಯಿ ತೆರೆದ ಪೆಟ್ಟಿಗೆ. ಮೂರು ಗೆರೆಗಳ ನಡುಬಿಂದುಗಳನ್ನು ಗುರುತಿಸಿ, ಆ ಮೂರನ್ನು ಕೂಡಿಸಿ. ಎರಡು ಗೆರೆ ಬಂದವು. ಅವುಗಳ ನಡುಬಿಂದು ಹುಡುಕಿ ಕೂಡಿಸಿ, ಒಂದು ಗೆರೆ. ಅದರ ನಡುಬಿಂದು ಇದೆಯಲ್ಲ, ಅದು ನಿಮ್ಮ ಕಮಾನಿನ ನೆತ್ತಿ. ಅರ್ಧದ ಬದಲು ಕಾಲು, ಮುಕ್ಕಾಲು ಎಂದು ಇದೇ ಆಟವನ್ನು ಆಡುತ್ತ ಹೋದರೆ ಇಡೀ ಕಮಾನು ಮೂಡುತ್ತದೆ. ಮೊದಲನೆಯ ಮತ್ತು ಕೊನೆಯ ಚುಕ್ಕಿಯನ್ನು ತಂತ್ರಾಂಶದಲ್ಲಿ ನೋಡ್ ಅನ್ನುತ್ತಾರೆ, ನಡುವಿನ ಎರಡು ಅವುಗಳ ಹಿಡಿಕೆಗಳು. ಗೆರೆ ಹಿಡಿಕೆಗಳನ್ನು ಮುಟ್ಟುವುದಿಲ್ಲ, ಅವುಗಳ ಕಡೆ ಬಾಗುತ್ತದೆ ಅಷ್ಟೆ.

ಇದರಿಂದ ಒಂದು ತಮಾಷೆಯ ಸಂಗತಿ ಹುಟ್ಟುತ್ತದೆ. ಪಿಡಿಎಫ್ ಕಡತದಲ್ಲಿ ವೃತ್ತ ಎನ್ನುವ ಆಜ್ಞೆಯೇ ಇಲ್ಲ. ನಾಲ್ಕು ಬೆಜಿಯೇ ಬಾಗುಗಳನ್ನು ಕೂಡಿಸಿ ವೃತ್ತದಂತೆ ತೋರಿಸುತ್ತಾರೆ, ನಿಖರವಾದ ವೃತ್ತ ಅದರಿಂದ ಎಂದೂ ಬರುವುದಿಲ್ಲ. ತಪ್ಪು ಎಷ್ಟು ಅಂತೀರಿ? ತ್ರಿಜ್ಯದ ಶೇಕಡಾ 0.03ಕ್ಕಿಂತ ಕಡಿಮೆ. ಒಂದು ಮೀಟರ್ ತ್ರಿಜ್ಯದ ಕುಂಕುಮದ ಬೊಟ್ಟನ್ನು ಅಚ್ಚು ಹಾಕಿದರೂ ಕಾಲು ಮಿಲಿಮೀಟರಿನಷ್ಟು ವ್ಯತ್ಯಾಸ.

ಅಂದರೆ ಒಂದು ಪೂರ್ತಿ ದುಂಡಿಗೆ ನಾಲ್ಕು ನೋಡ್ ಸಾಕು. ಕನ್ನಡದವರಿಗೆ ಇದು ಮುಖ್ಯವಾದ ಮಾತು, ನಮ್ಮ ಲಿಪಿಯೆಲ್ಲ ದುಂಡೇ ತಾನೆ. ಪರದೇಶದ ಹುಡುಗರು ಅಂತರ್ಜಾಲದಲ್ಲಿ ಹುಬ್ಬು ಗಂಟಿಕ್ಕಿದ ಮುಖ ತೋರಿಸಲು ಎರಡು ಠ ಹಾಕಿ ನಡುವೆ ಗೆರೆ ಎಳೆಯುತ್ತಾರಲ್ಲ, ಆ ಠವನ್ನೇ ಪೆನ್ ಟೂಲ್‌ನಲ್ಲಿ ಬಿಡಿಸಲು ಕೂತವರನ್ನು ನೋಡಿದ್ದೇನೆ: ಅದರ ಹೊಟ್ಟೆಗೆ ಇಪ್ಪತ್ತು ನೋಡ್ ಇಟ್ಟು, ಹೊಟ್ಟೆಯ ಬದಲು ಕಲ್ಲಂಗಡಿ ಕಚ್ಚಿದ ಹಾಗೆ ಮಾಡಿಡುತ್ತಾರೆ. ಅಕ್ಷರ ವಿನ್ಯಾಸ ಮಾಡುವವರ ರೂಢಿ ಬೇರೆ. ಬಾಗು ಎಲ್ಲಿ ಅತಿ ಮೇಲೆ, ಅತಿ ಕೆಳಗೆ, ಅತಿ ಎಡ, ಅತಿ ಬಲ ಮುಟ್ಟುತ್ತದೋ ಅಲ್ಲಿ ಮಾತ್ರ ನೋಡ್ ಇಡುತ್ತಾರೆ, ಹಿಡಿಕೆಗಳನ್ನು ನೆಟ್ಟಗೆ ಅಥವಾ ಅಡ್ಡಡ್ಡವಾಗಿ ಎಳೆಯುತ್ತಾರೆ. ಎಫ್2 ಒತ್ತಿ ನೋಡ್‌ಗಳನ್ನು ನೋಡಿ, ಬೇಡದ್ದನ್ನು ಅಳಿಸಿ. ಕಂಟ್ರೋಲ್ ಎಲ್ ಒತ್ತಿದರೆ ಇಂಕ್‌ಸ್ಕೇಪ್ ತಾನೇ ಸರಳಗೊಳಿಸುತ್ತದೆ, ಆದರೆ ಎರಡು ಮೂರು ಸಲ ಒತ್ತಿದರೆ ಗಣಪತಿಯ ಸೊಂಡಿಲು ಬದನೆಕಾಯಿ ಆಗುತ್ತದೆ. ಕೈಯಲ್ಲೇ ಅಳಿಸುವುದು ಮೇಲು.

ಈಗ ಆ ಅರ್ಕಾವತ್ತಿನ ಕಥೆಗೆ ಬರೋಣ. ಮುಹೂರ್ತ ಎಂದು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಗಳಲ್ಲಿ, ಟೈಪ್ ಮಾಡಿದಾಗ ಕಡತದಲ್ಲಿ ಉಳಿಯುವುದು ಏಳು ಸಂಕೇತ: ಮ, ಉಕಾರ, ಹ, ಊಕಾರ, ರ, ಹಲಂತ ಚಿಹ್ನೆ, ತ. ಇದು ನಾವು ಉಚ್ಚರಿಸುವ ಕ್ರಮ, ರ ಮೊದಲು ತ ಆಮೇಲೆ. ಆದರೆ ಬರೆಯುವಾಗ ತ ಮೊದಲು ಬಂದು, ರಕಾರ ಅರ್ಕಾವತ್ತಾಗಿ ಅದರ ಬೆನ್ನಿಗೆ ಬರುತ್ತದೆ. ಈ ಹಿಂದುಮುಂದನ್ನು ಯಾರೋ ಮಾಡಬೇಕಲ್ಲ. ಅದಕ್ಕೆ ಶೇಪಿಂಗ್ ಎಂಜಿನ್ ಎಂಬ ತಂತ್ರಾಂಶದ ತುಣುಕು ಇರುತ್ತದೆ. ಅದು ಫಾಂಟಿನೊಳಗೆ ಬರೆದಿಟ್ಟ ನಿಯಮ ಓದಿ ಯಾವ ಆಕೃತಿ, ಯಾವ ಜಾಗ ಎಂದು ತೀರ್ಮಾನಿಸುತ್ತದೆ. ಇವುಗಳಲ್ಲಿ ಬಹಳ ಬಳಕೆಯಲ್ಲಿರುವುದು ಹಾರ್ಫ್‌ಬಝ್, ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಇಂಕ್‌ಸ್ಕೇಪ್, ಫೋಟೊ ತಿದ್ದುವ ಗಿಂಪ್ ಎಲ್ಲವೂ ಇದನ್ನೇ ನಂಬಿವೆ. ಕ್ರಿತಾ ಎಂಬ ಚಿತ್ರ ಬರೆಯುವ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಅಕ್ಷರ ಕೂರಿಸುವುದು ತಲೆನೋವಾಗಿತ್ತು. 2023ರ 5.2 ಆವೃತ್ತಿಗೆ ಪಠ್ಯದ ಆ ಭಾಗವನ್ನು ಬುಡದಿಂದ ಹೊಸದಾಗಿ ಬರೆದರು.

ಅಡೋಬಿ ತಂತ್ರಾಂಶ ಬಳಸುವವರು "ಕನ್ನಡ ಒಡೆಯುತ್ತೆ" ಎಂದು ಗೊಣಗುವುದಕ್ಕೆ ಎಷ್ಟೋ ಸಲ ಒಂದು ಗುಂಡಿ ಕಾರಣ. ಇಲಸ್ಟ್ರೇಟರ್‌ನ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ಶೋ ಇಂಡಿಕ್ ಆಪ್ಷನ್ಸ್‌ಗೆ ಗುರುತು ಹಾಕಬೇಕು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್-ರೆಡಿಗೆ ಬದಲಿಸಬೇಕು. ಆಮೇಲೆ ಒತ್ತಕ್ಷರ ತಾನಾಗಿ ಕೆಳಗೆ ಕೂರುತ್ತದೆ.

ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ನುಡಿ, ಬರಹದ ಹಳೆಯ ಫಾಂಟುಗಳೇ ಓಡುತ್ತಿರುವುದನ್ನು ಕಂಡು ಕೆಲವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು, ಹಾಗಾಗಿ ಶೇಪಿಂಗ್ ಗೊತ್ತಿಲ್ಲದ ಹಳೆಯ ಪೇಜ್‌ಮೇಕರ್, ಕೋರೆಲ್‌ಡ್ರಾಗಳಲ್ಲೂ ಕನ್ನಡ ಸರಿಯಾಗಿ ಮೂಡಿತು. ಒಂದು ಇಡೀ ತಲೆಮಾರಿನ ಲಗ್ನಪತ್ರಿಕೆ, ಕರಪತ್ರ, ಬ್ಯಾನರುಗಳು ಆ ದಾರಿಯಲ್ಲೇ ಬಂದವು. ತೊಂದರೆ ಏನೆಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಜಾತ್ರೆ. ಕರ್ವ್ ಮಾಡಿ ಕಳಿಸಿ ಎನ್ನುವ ಪದ್ಧತಿ ಪ್ರೆಸ್ಸಿನವರ ಬಾಯಲ್ಲಿ ನಿಂತದ್ದಕ್ಕೆ ಇದೂ ಒಂದು ಕಾರಣ. ಕೋರೆಲ್‌ಡ್ರಾದಲ್ಲಿ ಕಂಟ್ರೋಲ್ ಕ್ಯು, ಇಂಕ್‌ಸ್ಕೇಪ್‌ನಲ್ಲಿ ಶಿಫ್ಟ್ ಕಂಟ್ರೋಲ್ ಸಿ. ಒತ್ತಿದೊಡನೆ ಏಳು ಸಂಕೇತ ಮಾಯವಾಗಿ ಬೆಜಿಯೇ ಬಾಗುಗಳು ಉಳಿಯುತ್ತವೆ. ಯಾವ ಕಂಪ್ಯೂಟರಿನಲ್ಲೂ ಒಡೆಯದು, ಯಾವ ಕಂಪ್ಯೂಟರಿನಲ್ಲೂ ತಿದ್ದಲಾಗದು.

ಗಿಂಪ್ ಇದೇ ಪಾಠವನ್ನು 2012ರಲ್ಲಿ ಬಲವಂತವಾಗಿ ಕಲಿಸಿತು. 2.8 ಆವೃತ್ತಿಯಿಂದ ಸೇವ್ ಎಂದರೆ ಎಕ್ಸ್‌ಸಿಎಫ್ ಕಡತ ಮಾತ್ರ, ಅದರಲ್ಲಿ ಲೇಯರ್, ಅಂದರೆ ಚಿತ್ರದ ಪದರಗಳೆಲ್ಲ ಹಾಗೇ ಇರುತ್ತವೆ. ಜೆಪೆಗ್, ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕು. ಬೈದವರು ಬಹಳ, ಅವರಲ್ಲಿ ನಾನೂ ಒಬ್ಬ. ಈಗ ಅನಿಸುತ್ತದೆ, ಅವರು ಹಸಿ ಮತ್ತು ಸುಟ್ಟ ಮಡಕೆಗೆ ಬೇರೆ ಬೇರೆ ಅಟ್ಟ ಮಾಡಿಕೊಟ್ಟರು. 2018ರ 2.10 ಬಂದು ಏಳು ವರ್ಷಕ್ಕೆ, 2025ರ ಮಾರ್ಚ್‌ನಲ್ಲಿ, ಗಿಂಪ್ 3.0 ಬಂತು. ಅದರ ದೊಡ್ಡ ಬದಲಾವಣೆ ಫಿಲ್ಟರುಗಳದ್ದು. ಮೊದಲು ಚಿತ್ರವನ್ನು ಬ್ಲರ್ ಮಾಡಿದರೆ, ಅಂದರೆ ಮಸುಕಾಗಿಸಿದರೆ, ಪಿಕ್ಸೆಲ್‌ಗಳೇ ಬದಲಾಗಿಬಿಡುತ್ತಿದ್ದವು. ಈಗ ಮೂಲ ಪಿಕ್ಸೆಲ್ ಹಾಗೇ ಇದ್ದು, ಬ್ಲರ್ ಎನ್ನುವುದು ಲೇಯರಿನ ಪಕ್ಕದಲ್ಲಿ ಒಂದು ಸೂಚನೆಯಾಗಿ ಕೂರುತ್ತದೆ. ನಾಳೆ ಕಡಿಮೆ ಮಾಡಬಹುದು, ನಾಡಿದ್ದು ತೆಗೆಯಬಹುದು. ಸ್ಕೆಚ್‌ಪ್ಯಾಡ್ ಗೆರೆಗಳಿಗೆ ಮಾಡಿದ್ದನ್ನು ಗಿಂಪ್ ಫೋಟೊಗೆ ಮಾಡುತ್ತಿದೆ. ಹಳೆಯ ಪ್ಲಗಿನ್‌ಗಳನ್ನು ನೆಚ್ಚಿಕೊಂಡವರು ಒಂದು ಮಾತು ನೆನಪಿಡಿ: 2.10ಕ್ಕೆ ಬರೆದವು 3.0ರಲ್ಲಿ ಹಾಗೆ ಹಾಗೇ ಓಡುವುದಿಲ್ಲ.

ಇಂಕ್‌ಸ್ಕೇಪ್ 1.2ರಲ್ಲಿ, 2022ರಲ್ಲಿ, ಒಂದೇ ಕಡತದಲ್ಲಿ ಹಲವು ಪುಟ ಇಡುವ ಸೌಲಭ್ಯ ಬಂತು. ಪತ್ರಿಕೆಯ ಮುಂಭಾಗ, ಹಿಂಭಾಗಕ್ಕೆ ಎರಡು ಕಡತ ಕಾಯುವ ಗೋಳು ತಪ್ಪಿತು. 2023ರ 1.3ರಲ್ಲಿ ಬಂದ ಶೇಪ್ ಬಿಲ್ಡರ್ ನನಗೆ ಅಚ್ಚುಮೆಚ್ಚು. ಒಂದರ ಮೇಲೊಂದು ವೃತ್ತ ಇಟ್ಟು, ಬೇಕಾದ ತುಣುಕುಗಳ ಮೇಲೆ ಮೌಸ್ ಎಳೆದರೆ ಅವು ಕೂಡಿಕೊಳ್ಳುತ್ತವೆ. ಕಮಲದ ದಳ ಮಾಡಲು ಎರಡು ವೃತ್ತ ಒಂದನ್ನೊಂದು ದಾಟುವಂತೆ ಇಟ್ಟು ನಡುವಿನ ಭಾಗ ಆಯ್ದುಕೊಂಡರೆ ಮುಗಿಯಿತು. ಆದರೆ ಅದೂ ಒಂದು ಬಗೆಯ ಸುಡುವಿಕೆ, ಮೂಲ ವೃತ್ತಗಳನ್ನು ಪಕ್ಕಕ್ಕೆ ಒಂದು ಪ್ರತಿ ಮಾಡಿಟ್ಟುಕೊಳ್ಳಿ.

ಫ್ಲೆಕ್ಸ್ ಮಾಡಿಸುವವರಿಗೆ ಒಂದು ಲೆಕ್ಕ. 10 ಅಡಿ ಅಗಲ, 6 ಅಡಿ ಎತ್ತರದ ಬ್ಯಾನರನ್ನು ಗಿಂಪ್‌ನಲ್ಲಿ 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಗೆ, ಹೊಂದಿಸಿದರೆ 36,000 ಇಂಟು 21,600 ಪಿಕ್ಸೆಲ್, ಬಣ್ಣದ ಮಾಹಿತಿಯೇ ಎರಡು ಗಿಗಾಬೈಟ್ ದಾಟುತ್ತದೆ. ಕಂಪ್ಯೂಟರು ಏದುಸಿರು ಬಿಡುತ್ತದೆ. 72 ಡಿಪಿಐ ಇಟ್ಟರೆ ಒಂದು ಚುಕ್ಕಿ 0.35 ಮಿಲಿಮೀಟರ್. ಒಳ್ಳೆಯ ಕಣ್ಣಿಗೂ ಸುಮಾರು ಒಂದೂಕಾಲು ಮೀಟರ್ ಆಚೆಯಿಂದ ಅದು ಬಿಡಿಯಾಗಿ ಕಾಣುವುದಿಲ್ಲ. ಸರ್ಕಲ್ಲಿನಲ್ಲಿ ಕಟ್ಟುವ ಬ್ಯಾನರಿಗೆ ಮೂತಿ ಇಟ್ಟು ನೋಡುವವರು ಯಾರು? ಫೋಟೊ 72ರಲ್ಲಿರಲಿ, ಅಕ್ಷರವನ್ನು ಮಾತ್ರ ವೆಕ್ಟರಾಗಿ ಇಂಕ್‌ಸ್ಕೇಪ್‌ನಲ್ಲಿ ಕೂರಿಸಿ.

ಇಂಕ್‌ಸ್ಕೇಪ್‌ನ ಹಳೆಯ ಕೊರತೆ ಬಣ್ಣದ್ದು. 2024ರ 1.4 ಆವೃತ್ತಿಯೂ ಪಿಡಿಎಫ್ ಕೊಡುವುದು ಪರದೆಯ ಕೆಂಪು, ಹಸಿರು, ನೀಲಿಯ ಲೆಕ್ಕದಲ್ಲೇ. ಪ್ರೆಸ್ಸಿಗೆ ಬೇಕಾದದ್ದು ನಾಲ್ಕು ಶಾಯಿಯ ಲೆಕ್ಕ, ಸಿಎಂವೈಕೆ. ಇದರಲ್ಲಿ ಮೋಸ ಹೋಗುವುದು ಕಪ್ಪು. ಪರದೆಯ ಕಪ್ಪನ್ನು ಬದಲಾಯಿಸುವಾಗ ನಾಲ್ಕೂ ಶಾಯಿ ಬೆರೆತುಬಿಡಬಹುದು. ಅಚ್ಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಒತ್ತುಗಳ ಸುತ್ತ ಬಣ್ಣದ ಅಂಚು ಕಾಣುತ್ತದೆ, ತ್ತ ಮತ್ತು ತ್ರ ಒಂದೇ ಥರ ಕಾಣತೊಡಗುತ್ತವೆ. ಎಸ್‌ವಿಜಿಯನ್ನು ಸ್ಕ್ರೈಬಸ್ ಎಂಬ ಪುಟ ಹೊಂದಿಸುವ ತಂತ್ರಾಂಶಕ್ಕೆ ಒಯ್ದು, ಅಕ್ಷರಗಳಿಗೆ ಬರೀ ಕಪ್ಪು ಶಾಯಿ ಕೊಟ್ಟು, ಅಲ್ಲಿಂದ ಪಿಡಿಎಫ್ ತೆಗೆದರೆ ಈ ಕಾಟವಿಲ್ಲ.

ಎರಡನೇ ಸಲ ನಾನು ಹಾಗೆಯೇ ಮಾಡಿದೆ. ಪಠ್ಯವಿರುವ ಕಡತಕ್ಕೆ "ಹಸಿ" ಎಂದು ಹೆಸರಿಟ್ಟು ಎತ್ತಿಟ್ಟೆ, ಕರ್ವ್ ಮಾಡಿದ ಪ್ರತಿಗೆ "ಸುಟ್ಟದ್ದು" ಎಂದು ಹೆಸರಿಟ್ಟು ಪ್ರೆಸ್ಸಿಗೆ ಕಳಿಸಿದೆ. ಪತ್ರಿಕೆಗಳು ಬಂದವು. 10:40 ಸರಿಯಾಗಿತ್ತು, ಅರ್ಕಾವತ್ತು ತನ್ನ ಜಾಗದಲ್ಲಿತ್ತು, ಕಪ್ಪು ಕಪ್ಪಾಗಿಯೇ ಇತ್ತು. ಕಟ್ಟು ಬಿಚ್ಚಿ ಮೊದಲ ಪತ್ರಿಕೆ ಓದಿದ ಅಪ್ಪ, "ಎಲ್ಲೋ ನಿಮ್ಮ ಚಿಕ್ಕಪ್ಪನ ಹೆಸರು?" ಅಂದರು. ಹಸಿ ಕಡತ ಕೈಯಲ್ಲೇ ಇತ್ತು, ತಿದ್ದಲು ಹತ್ತು ಸೆಕೆಂಡು ಸಾಕಿತ್ತು. 500 ಪತ್ರಿಕೆ ಮಾತ್ರ ಆಗಲೇ ಮೇಜಿನ ಮೇಲಿದ್ದವು.