ದನಕ್ಕೆ ಒಗ್ಗುವ ಉಣ್ಣಿ ಮದ್ದು ಬೆಕ್ಕಿಗೆ ಯಾಕೆ ಒಗ್ಗದು?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಹಟ್ಟಿಗಳಲ್ಲಿ ಉಣ್ಣಿ ಜಾಸ್ತಿಯಾದಾಗ ಡೆಲ್ಟಾಮೆಥ್ರಿನ್ ಎಂಬ ಉಣ್ಣಿ ಮದ್ದಿನ ಬಾಟಲಿ ಮನೆಗೆ ಬರುತ್ತದೆ. ದನಕ್ಕೆ ಹೊಡೆದು ಉಳಿದದ್ದು ನಾಯಿಗೆ, ನಾಯಿಗೆ ಹಚ್ಚಿ ಉಳಿದದ್ದು ಬೆಕ್ಕಿಗೆ. ಆಮೇಲೆ ಫೋನ್: "ಡಾಕ್ಟ್ರೇ, ಒಂದೇ ಮದ್ದಲ್ವಾ? ದನ ಆರಾಮಾಗಿದೆ, ಬೆಕ್ಕು ಮಾತ್ರ ನಡುಗ್ತಾ ಇದೆ."

ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಪರ್ಮೆಥ್ರಿನ್ ಎಲ್ಲ ಪೈರೆಥ್ರಾಯ್ಡ್ ಎಂಬ ಒಂದೇ ಜಾತಿಯವು. ನರದಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ, ನರ ಸುಮ್ಮನಾಗದೆ ಮಿಡಿಯುತ್ತಲೇ ಇರುತ್ತದೆ. ಉಣ್ಣಿಗಾಗುವುದೂ ಇದೇ, ಬೆಕ್ಕಿಗಾಗುವುದೂ ಇದೇ. ದನ ಬದುಕುವುದಕ್ಕೆ ಮುಖ್ಯ ಕಾರಣ, ಅದರ ಮೈ ವಿಷವನ್ನು ಬೇಗ ಮುರಿದು ಹೊರಗೆ ಹಾಕುತ್ತದೆ.

ಈ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಪೈರೆಥ್ರಾಯ್ಡ್ ಅಣುವಿನ ನಡುವೆ ಎಸ್ಟರ್ ಎಂಬ ಕೊಂಡಿ ಇದೆ. ಪಿತ್ತಜನಕಾಂಗದ ಎಸ್ಟರೇಸ್ ಕಿಣ್ವಗಳು ಕತ್ತರಿಯ ಹಾಗೆ ಅದನ್ನು ತುಂಡರಿಸುತ್ತವೆ. ಪಿ450 ಎಂಬ ಇನ್ನೊಂದು ಗುಂಪಿನ ಕಿಣ್ವಗಳು ಆಮ್ಲಜನಕ ಸೇರಿಸುತ್ತವೆ. ನಂತರ ಈ ತುಂಡುಗಳಿಗೆ ಗ್ಲುಕುರಾನಿಕ್ ಆಮ್ಲದಂಥದ್ದು ಅಂಟಿಕೊಂಡು, ಕೊಬ್ಬಿನಲ್ಲಿ ಕರಗುತ್ತಿದ್ದದ್ದು ನೀರಿನಲ್ಲಿ ಕರಗುವಂತಾಗುತ್ತದೆ. ಮೂತ್ರ, ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಹೆಚ್ಚಿನ ಪಾಲು ಕೆಲವೇ ದಿನಗಳಲ್ಲಿ ಖಾಲಿ. ಸ್ವಲ್ಪ ಹಾಲಿನ ಕೊಬ್ಬಿಗೂ ಸೇರುತ್ತದೆ, ಹಾಗಾಗಿ ಲೇಬಲ್‌ನಲ್ಲಿ ಹಾಲು ಬಳಸದೆ ಬಿಡಬೇಕಾದ ದಿನ ಬರೆದಿದ್ದರೆ ಬಿಡಲೇಬೇಕು.

"ಇದೂ ಎಂಡೋಸಲ್ಫಾನ್ ತರಹವಾ?" ಎಂದು ನಮ್ಮವರು ಕೇಳದೆ ಇರುವುದಿಲ್ಲ. 2000ದವರೆಗೂ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಆ ಕೀಟನಾಶಕ ಸುರಿದದ್ದನ್ನು ಕಂಡವರು ಕೇಳುವುದು ಸಹಜ. ವ್ಯತ್ಯಾಸ ದೊಡ್ಡದು. ಎಂಡೋಸಲ್ಫಾನ್ ಬದಲಾಗಿ ಎಂಡೋಸಲ್ಫಾನ್ ಸಲ್ಫೇಟ್ ಆದರೂ ವಿಷ ವಿಷವೇ, ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಪೈರೆಥ್ರಾಯ್ಡ್ ತುಂಡಾದರೆ ಅದರ ಬಲವೆಲ್ಲ ಹೋದಂತೆಯೇ.

ಕೋಳಿಗಳದ್ದು ಇನ್ನೂ ಗಟ್ಟಿ ಮೈ. ಎಣ್ಣೆಯಲ್ಲಿ ಕಲಸಿದ ಡೆಲ್ಟಾಮೆಥ್ರಿನ್ ಇಲಿಗೆ ಕಿಲೋ ತೂಕಕ್ಕೆ ಸುಮಾರು 135 ಮಿಲಿಗ್ರಾಂ ಹೊಟ್ಟೆಗೆ ಹೋದರೆ ಅರ್ಧದಷ್ಟು ಸಾಯುತ್ತವೆ. ಕಾಡುಬಾತುಗಳಿಗೆ 4,640 ಮಿಲಿಗ್ರಾಂ ಕೊಟ್ಟರೂ ಆ ಮಟ್ಟ ಮುಟ್ಟಲಿಲ್ಲ. ಹಕ್ಕಿಯ ಕರುಳು ಇದನ್ನು ಹೀರುವುದೇ ಕಡಿಮೆ, ಹೀರಿದ್ದನ್ನೂ ಬೇಗ ಮುರಿದು ಹಿಕ್ಕೆಯಲ್ಲಿ ಕಳಿಸುತ್ತದೆ. ಆದರೆ ಮೊಟ್ಟೆ ಇಡುವ ಕೋಳಿಯಲ್ಲಿ ಅಲ್ಪ ಪಾಲು ಹಳದಿ ಭಾಗಕ್ಕೆ ಹೋಗುತ್ತದೆ. ಬಿಳಿಗಿಂತ ಹಳದಿಗೇ ಜಾಸ್ತಿ, ಕೊಬ್ಬು ಇರುವುದು ಅಲ್ಲೇ ಅಲ್ವಾ.

ಈಗ ಬೆಕ್ಕು. ಗ್ಲುಕುರಾನಿಕ್ ಆಮ್ಲ ಅಂಟಿಸುವ ಒಂದು ಮುಖ್ಯ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಟ್ಟಿದೆ, ಹಾಗಾಗಿ ವಿಷ ಬೇಗ ಹೊರಗೆ ಹೋಗದು. ಪ್ಯಾರಾಸಿಟಮಾಲ್ ಅದಕ್ಕೆ ಪ್ರಾಣಾಂತಿಕವಾಗುವುದೂ ಇದರಿಂದಲೇ. ಮೇಲಿಂದ ಮೈ ನೆಕ್ಕುವ ಚಾಳಿ. ನಾಯಿಯ ಬೆನ್ನಿಗೆ ಹನಿಸುವ ಪರ್ಮೆಥ್ರಿನ್ ತುಂಬ ದಟ್ಟ, ಕೆಲವೇ ಹನಿ ಸಾಕು. ಮೊದಲು ಕಿವಿ ಅದುರುತ್ತದೆ, ಆಮೇಲೆ ಮೈಯೆಲ್ಲ ನಡುಕ, ಕೊನೆಗೆ ಸೆಳೆತ. ಇದಕ್ಕೆ ಪ್ರತಿವಿಷ ಇಲ್ಲ, ಬೇರೆ ಕೆಲವು ಕೀಟನಾಶಕಗಳ ವಿಷಕ್ಕೆ ಕೊಡುವ ಅಟ್ರೋಪಿನ್ ಕೊಟ್ಟು ಪ್ರಯೋಜನವೂ ಇಲ್ಲ. ಪಾತ್ರೆ ತೊಳೆಯುವ ಸೋಪು ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ ತನ್ನಿ. ತಣ್ಣೀರು ಬೇಡ, ಮೈ ತಣ್ಣಗಾದಷ್ಟೂ ಈ ವಿಷದ ಹಿಡಿತ ಹೆಚ್ಚು. ಸೆಳೆತ ಶುರುವಾಗಿದ್ದರೆ ತೊಳೆಯುತ್ತಾ ಕೂರಬೇಡಿ, ನೇರ ಕರೆತನ್ನಿ. ಬಾಟಲಿಯೂ ಜೊತೆಗಿರಲಿ.

ದನದ ವಿಷಯದಲ್ಲಿ ನನಗೆ ಸಿಟ್ಟು ಬರುವುದು ಬೆರಕೆಗೆ. "ಎರಡೂ ಸೇರಿಸಿದರೆ ಉಣ್ಣಿ ಬೇಗ ಸಾಯ್ತದೆ" ಎಂದು ತೋಟದ ಹುಳಕ್ಕೆಂದು ತಂದ ಕ್ಲೋರ್‌ಪೈರಿಫಾಸ್‌ನಂಥದ್ದನ್ನು ಇದಕ್ಕೆ ಸೇರಿಸುತ್ತಾರೆ. ಅದು ಎಸ್ಟರೇಸ್ ಕತ್ತರಿಯನ್ನೇ ಮೊಂಡು ಮಾಡುತ್ತದೆ. ಆಗ ದನವೂ ಸುಲಭವಾಗಿ ಬೀಳುತ್ತದೆ.

ಮೀನಿಗೆ ಈ ಕತ್ತರಿ ಮೊದಲೇ ಮೊಂಡು. ಲೀಟರ್ ನೀರಿಗೆ ಒಂದು ಮೈಕ್ರೋಗ್ರಾಂ ಆಸುಪಾಸಿನ ಡೆಲ್ಟಾಮೆಥ್ರಿನ್ ಸಾಕು ಸಾಯಲು. ಸ್ಪ್ರೇ ಕ್ಯಾನನ್ನು ಗುಡ್ಡ ಕೊರೆದ ಸುರಂಗದ ನೀರು ಬೀಳುವ ಕೆರೆಯಲ್ಲಿ, ತೋಡಿನಲ್ಲಿ ತೊಳೆಯಬೇಡಿ. ತೊಳೆದ ನೀರನ್ನು ಬಾವಿ, ಕೆರೆ, ತೋಡಿನಿಂದ ದೂರದ ಒಣ ಮಣ್ಣಿಗೆ ಚೆಲ್ಲಿ. ಪೈರೆಥ್ರಾಯ್ಡ್ ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ನಿಧಾನವಾಗಿ ಅದನ್ನು ಮುರಿಯುತ್ತವೆ.