ವಿಸಿಟಿಂಗ್ ಕಾರ್ಡಿನ ಮೇಲೆ ‘ಎಂಡಿ’ ಹಾಕಿಸುವ ಮುನ್ನ

ಎಂಡಿ ಅಂದರೂ ಸಿಇಒ ಅಂದರೂ ಕಂಪನಿಯ ಯಜಮಾನರೇ ಎಂಬುದು ರೂಢಿಯ ಮಾತು. ಕಾನೂನು ಹಾಗೆ ನೋಡುವುದಿಲ್ಲ. ಎಂಡಿ ಎಂದರೆ ಮ್ಯಾನೇಜಿಂಗ್ ಡೈರೆಕ್ಟರ್, ವ್ಯವಸ್ಥಾಪಕ ನಿರ್ದೇಶಕ. ಇಲ್ಲಿ ತೂಕ ಇರುವುದು ‘ನಿರ್ದೇಶಕ’ ಎಂಬ ಪದದ ಮೇಲೆ. ಬೋರ್ಡಿನಲ್ಲಿ, ಅಂದರೆ ನಿರ್ದೇಶಕ ಮಂಡಳಿಯಲ್ಲಿ, ಇಲ್ಲದವರು ಎಂಡಿ ಆಗುವಂತಿಲ್ಲ. ಕಂಪನಿ ಕಾಯ್ದೆ 2013ರ 2(54)ನೇ ಕಲಂ ಪ್ರಕಾರ, ಆಡಳಿತದ ಗಣನೀಯ ಅಧಿಕಾರವನ್ನು ಆರ್ಟಿಕಲ್ಸ್ (ಕಂಪನಿಯ ಒಳನಿಯಮಗಳು), ಕರಾರು, ಷೇರುದಾರರ ಸಾಮಾನ್ಯ ಸಭೆಯ ನಿರ್ಣಯ ಅಥವಾ ಬೋರ್ಡ್ ಅವರಿಗೆ ವಹಿಸಿರಬೇಕು. ಚೆಕ್ಕಿಗೆ, ಷೇರು ಸರ್ಟಿಫಿಕೇಟಿಗೆ ಸಹಿ ಹಾಕುವ ಅಧಿಕಾರ ಈ ಲೆಕ್ಕಕ್ಕೆ ಬರುವುದಿಲ್ಲ.

ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಎಂದರೆ ಕಂಪನಿ ಯಾರನ್ನು ಹಾಗೆ ಹೆಸರಿಸಿದೆಯೋ ಅವರು. 2(18)ನೇ ಕಲಂ ಹೇಳುವುದು ಅಷ್ಟೇ. ಸಂಬಳದ ನೌಕರರೂ ಆಗಬಹುದು, ಡಿಐಎನ್ (ನಿರ್ದೇಶಕರ ಗುರುತಿನ ಸಂಖ್ಯೆ) ಬೇಕಿಲ್ಲ. (ನಮ್ಮ ಜಿಲ್ಲಾ ಪಂಚಾಯಿತಿ ಸಿಇಒ ಸರ್ಕಾರಿ ಅಧಿಕಾರಿ, ಅದು ಬೇರೆಯೇ ಕಾಯ್ದೆಯ ಹುದ್ದೆ.)

ಎಡವಟ್ಟಾಗುವುದು ಬ್ಯಾಲೆನ್ಸ್ ಶೀಟ್ ಸಹಿಯ ಹೊತ್ತಿಗೆ. 134ನೇ ಕಲಂ ಪ್ರಕಾರ ಬೋರ್ಡ್ ಅಧಿಕಾರ ಕೊಟ್ಟ ಅಧ್ಯಕ್ಷರು, ಇಲ್ಲವೇ ಇಬ್ಬರು ಡೈರೆಕ್ಟರುಗಳು ಸಹಿ ಹಾಕಬೇಕು. ಎಂಡಿ ಇದ್ದರೆ ಆ ಇಬ್ಬರಲ್ಲಿ ಒಬ್ಬರು ಅವರೇ. ಜೊತೆಗೆ ಸಿಇಒ, ಸಿಎಫ್‌ಒ (ಹಣಕಾಸು ಮುಖ್ಯಸ್ಥರು), ಕಂಪನಿ ಸೆಕ್ರೆಟರಿ ನೇಮಕವಾಗಿದ್ದರೆ ಅವರ ಸಹಿಯೂ ಬೇಕು. ಮರ್ಯಾದೆಗೆಂದು ನಿರ್ಣಯ ಮಾಡಿ ಒಬ್ಬರನ್ನು ಸಿಇಒ ಮಾಡಿಟ್ಟು, ಸೆಪ್ಟೆಂಬರಿನಲ್ಲಿ ಅವರ ಸಹಿ ಬಿಟ್ಟು ಲೆಕ್ಕಪತ್ರ ಮುಗಿಸಿದರೆ ಅದು ಲೋಪವೇ. ನಿರ್ಣಯವೇ ಇಲ್ಲದೆ ಕಾರ್ಡಿನಲ್ಲಿ ಮಾತ್ರ ಎಂಡಿ ಎಂದಿದ್ದರೆ, ಸಾಲಕ್ಕೆ ಹೋದಾಗ ಬ್ಯಾಂಕು ಬೋರ್ಡ್ ನಿರ್ಣಯದ ಪ್ರತಿ ಕೇಳುತ್ತದೆ. ತೋರಿಸಲು ಏನೂ ಇರುವುದಿಲ್ಲ.

ಎಂಡಿ ನೇಮಿಸುವುದಾದರೆ ಮೊದಲು ಆರ್ಟಿಕಲ್ಸ್ ಓದಿ. ವಯಸ್ಸು 21 ತುಂಬಿರಬೇಕು. 70 ತುಂಬಿದವರಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು. ಬೋರ್ಡ್ ನಿರ್ಣಯದಲ್ಲಿ ಅಧಿಕಾರ, ಸಂಬಳ, ಅವಧಿ ಮೂರನ್ನೂ ಬರೆಯಿರಿ. ಒಂದು ಸಲಕ್ಕೆ 5 ವರ್ಷ ಮೀರುವಂತಿಲ್ಲ. 30 ದಿನದೊಳಗೆ ನೇಮಕ ತಿಳಿಸುವ ಫಾರ್ಮ್ ಡಿಐಆರ್-12 ಅನ್ನು ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಿ. ನಿರ್ಣಯವನ್ನು ಅವರಿಗೆ ಸಲ್ಲಿಸುವ ಫಾರ್ಮ್ ಎಂಜಿಟಿ-14 ಅನ್ನು ಹೆಚ್ಚಿನವರು ಮರೆಯುತ್ತಾರೆ. ಬೋರ್ಡಿನ ಬಹುತೇಕ ನಿರ್ಣಯಗಳಿಗೆ ಪ್ರೈವೇಟ್ ಲಿಮಿಟೆಡ್‌ಗೆ ವಿನಾಯಿತಿ ಇರುವುದರಿಂದ ಇದಕ್ಕೂ ಇದೆ ಎಂದುಕೊಳ್ಳುತ್ತಾರೆ. ಇಲ್ಲ. 117(3)(ಸಿ) ಎಂಡಿ ನೇಮಕಕ್ಕೆ ಪ್ರತ್ಯೇಕವಾಗಿ ನಿಂತ ನಿಯಮ. ಇದಕ್ಕೂ 30 ದಿನವೇ ಗಡುವು. ಪಬ್ಲಿಕ್ ಕಂಪನಿಗಾದರೆ 60 ದಿನದೊಳಗೆ ನೇಮಕದ ವಿವರದ ಫಾರ್ಮ್ ಎಂಆರ್-1, ಮುಂದಿನ ಸಾಮಾನ್ಯ ಸಭೆಯ ಒಪ್ಪಿಗೆ ಕೂಡ ಬೇಕು.

ಎಲ್‌ಎಲ್‌ಪಿಯಲ್ಲಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಎಂಡಿ ಎಂಬ ಹುದ್ದೆಯೇ ಇಲ್ಲ. ಅಲ್ಲಿರುವವರು ಡೆಸಿಗ್ನೇಟೆಡ್ ಪಾರ್ಟ್ನರ್. ಕಾರ್ಡಿನಲ್ಲೂ ಹಾಗೆಯೇ ಬರೆಸಿ.

ಎಂಡಿ ಡೈರೆಕ್ಟರ್ ಸ್ಥಾನ ಬಿಟ್ಟರೆ ಎಂಡಿ ಹುದ್ದೆಯೂ ಅವತ್ತೇ ಹೋಗುತ್ತದೆ. ಬ್ಯಾಂಕಿನಲ್ಲಿರುವ ಸಹಿ ಅಧಿಕಾರವನ್ನು ಅದೇ ದಿನ ಬದಲಿಸಿ.